ಕಾಗದ ಕೈಗೆ ಬಂತು, ಫೈಲ್ ಎಲ್ಲಿ ಉಳಿಯಿತು? ಪ್ರಿಂಟ್ ತೆಗೆಯುವ ದಾರಿಗಳ ಹೋಲಿಕೆ

ಮನೆ ಬಾಡಿಗೆ ಅಗ್ರಿಮೆಂಟ್‌ಗೆ ಆಧಾರ್ ಪ್ರಿಂಟ್ ಬೇಕಿತ್ತು. ನಮ್ಮ ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋದೆ. "ಮೇಲ್ ಮಾಡ್ತೀರಾ ಸರ್, ವಾಟ್ಸಾಪ್ ಮಾಡ್ತೀರಾ?" ಅಂತ ಹುಡುಗ ಕೇಳಿದ. ಅಂಗಡಿಯ ಮೇಲ್ ಐಡಿಯನ್ನು ಗೋಡೆಗೆ ದಪ್ಪ ಅಕ್ಷರದಲ್ಲಿ ಅಂಟಿಸಿದ್ದರು. ನೋಡಿಕೊಂಡು ಕಳಿಸಿದೆ. ಅವನು ಡೌನ್‌ಲೋಡ್ಸ್ ಫೋಲ್ಡರ್ ತೆರೆದ. ಫೈಲ್‌ಗಳೆಲ್ಲ ಹೆಸರಿನ ಪ್ರಕಾರ ಜೋಡಿಸಿದ್ದವು. ಇ-ಆಧಾರ್ ಅಂತ ಶುರುವಾಗುವ ಫೈಲ್‌ಗಳೇ ಒಂದು ಸ್ಕ್ರೀನ್ ತುಂಬ ಇದ್ದವು. ನನ್ನದನ್ನು ಹುಡುಕುತ್ತಾ ಒಂದೆರಡನ್ನು ತೆರೆದೂ ನೋಡಿದ. ಯಾರದೋ ಹೆಂಡತಿಯ ಸ್ಕ್ಯಾನಿಂಗ್ ರಿಪೋರ್ಟ್, ಇನ್ಯಾರದೋ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕಣ್ಣ ಮುಂದೆ ಹಾದು ಹೋದವು. ಕೊನೆಗೆ ನನ್ನದು ಸಿಕ್ಕಿತು. ಹತ್ತು ರೂಪಾಯಿ ಕೊಟ್ಟು, ಕಾಗದ ಮಡಚಿಕೊಂಡು ಬಂದೆ. ಫೈಲ್ ಮಾತ್ರ ಅಲ್ಲೇ ಇತ್ತು. ಬಹುಶಃ ಇವತ್ತಿಗೂ ಇದೆ.

ಹುಡುಗ ಕೆಟ್ಟವನಲ್ಲ. ಅವನಿಗೆ ಅಳಿಸಲು ಪುರುಸೊತ್ತಿಲ್ಲ, ಅಷ್ಟೇ. ಬೆಳಗ್ಗಿಂದ ಸಂಜೆವರೆಗೆ ಕ್ಯೂ.

ಅಂದಿನಿಂದ ಪ್ರಿಂಟ್ ವಿಷಯದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆಯೇ ಬದಲಾಯಿತು. ಮೊದಲು "ದಾರಿಯಲ್ಲಿ ಯಾರಾದರೂ ಕದಿಯುತ್ತಾರಾ?" ಅಂತ ಯೋಚಿಸುತ್ತಿದ್ದೆ. ಈಗಿನ ಮೇಲ್ ಸೇವೆಗಳು, ವಾಟ್ಸಾಪ್, ಮನೆಯ ವೈ-ಫೈ ಎಲ್ಲವೂ ದಾರಿಯಲ್ಲಿ ಫೈಲನ್ನು ಒಂದು ಮಟ್ಟಿಗೆ ಕಾಯುತ್ತವೆ. ತೊಂದರೆ ಇರುವುದು ತಲುಪಿದ ಮೇಲೆ. ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ, ಎಲೆ ಯಾರು ಎತ್ತಿದರು ಅಂತ ಯಾರೂ ಕೇಳುವುದಿಲ್ಲ ಅಲ್ವಾ? ಪ್ರಿಂಟ್‌ನಲ್ಲೂ ಹಾಗೇ. ಕಾಗದ ಕೈಗೆ ಬಂದ ಮೇಲೆ ಎಷ್ಟು ಕಡೆ ಪ್ರತಿ ಉಳಿಯಿತು, ಅದನ್ನು ಅಳಿಸುವುದು ಯಾರ ಕೈಲಿದೆ ಅನ್ನುವುದನ್ನು ಲೆಕ್ಕ ಹಾಕಿದರೆ ಯಾವ ದಾರಿ ಒಳ್ಳೆಯದು ಅಂತ ತಾನಾಗೇ ಗೊತ್ತಾಗುತ್ತದೆ. ಕೆಳಗಿನ ಹೋಲಿಕೆಯನ್ನೆಲ್ಲ ಆ ಲೆಕ್ಕದ ಮೇಲೇ ಮಾಡಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ಪ್ರಿಂಟ್ ನಿಜವಾಗಿ ಬೇಕಾ ಅಂತ ಒಮ್ಮೆ ಕೇಳಿಬಿಡಿ. ಡಿಎಲ್, ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಟ್ರಾಫಿಕ್ ಪೊಲೀಸರಿಗೆ ಮೊಬೈಲ್‌ನಲ್ಲೇ ತೋರಿಸಬಹುದು. ಇದು ಮೋಟಾರು ವಾಹನ ನಿಯಮದಲ್ಲೇ ಇದೆ. ತೆಗೆಯದ ಪ್ರಿಂಟ್‌ನಷ್ಟು ಸೇಫ್ ಪ್ರಿಂಟ್ ಇನ್ನೊಂದಿಲ್ಲ.

ಅಂಗಡಿಗೆ ಮೇಲ್, ವಾಟ್ಸಾಪ್, ಪೆನ್ ಡ್ರೈವ್

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಪ್ರಿಂಟರ್ ಇಲ್ಲ. ಹಾಗಾಗಿ ಮೇಲ್‌ನಲ್ಲಿ ಪ್ರಿಂಟ್ ಅಂದರೆ ಅಂಗಡಿಯ ಮೇಲ್‌ಗೆ ಕಳಿಸುವುದೇ.

ಮೇಲ್ ಮಾಡಿದಾಗ ಪ್ರತಿ ಎಲ್ಲೆಲ್ಲಿ ಉಳಿಯುತ್ತದೆ, ಎಣಿಸಿ. ನಿಮ್ಮ ಸೆಂಟ್ ಫೋಲ್ಡರ್ ಒಂದು. ಅಂಗಡಿಯ ಇನ್‌ಬಾಕ್ಸ್ ಎರಡು. ಅವರ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಮೂರು. ಅಂಗಡಿಯವರು ಇನ್‌ಬಾಕ್ಸ್‌ನಿಂದ ಅಳಿಸಿದರೂ ಜಿಮೇಲ್ ಆದರೆ ಟ್ರ್ಯಾಶ್‌ನಲ್ಲಿ 30 ದಿನ ಕೂತಿರುತ್ತದೆ. ಆ ಮೇಲ್ ಮಾಲೀಕರ ಮೊಬೈಲ್‌ನಲ್ಲೂ ಲಾಗಿನ್ ಆಗಿರಬಹುದು. ಕೆಲಸ ಬಿಟ್ಟು ಹೋದ ಹುಡುಗನಿಗೂ ಪಾಸ್‌ವರ್ಡ್ ನೆನಪಿರಬಹುದು. ಇಷ್ಟರಲ್ಲಿ ನೀವು ಅಳಿಸಲು ಆಗುವುದು ನಿಮ್ಮ ಸೆಂಟ್ ಫೋಲ್ಡರ್‌ನದು ಮಾತ್ರ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ವಾಪಸ್ ಪಡೆಯುವ ಸೌಲಭ್ಯ ಇದೆ, ನಿಜ. ಆದರೆ ಅದು ಹೆಚ್ಚೆಂದರೆ 30 ಸೆಕೆಂಡ್. ಅಷ್ಟರಲ್ಲಿ ಪ್ರಿಂಟರ್ ಬಿಸಿಯೂ ಆಗಿರುವುದಿಲ್ಲ.

ಜಿಮೇಲ್‌ನ ಕಾನ್ಫಿಡೆನ್ಶಿಯಲ್ ಮೋಡ್ ಬಳಸಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಅದು ಡೌನ್‌ಲೋಡ್ ಮತ್ತು ಪ್ರಿಂಟ್ ಎರಡನ್ನೂ ತಡೆಯಲೆಂದೇ ಇರುವುದು. ಪ್ರಿಂಟ್ ಅಂಗಡಿಗೆ ಅದರಲ್ಲಿ ಕಳಿಸಿದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ.

ವಾಟ್ಸಾಪ್‌ನಲ್ಲಿ ಒಂದು ಅನುಕೂಲ ಇದೆ. ಕಳಿಸಿ ಎರಡು ದಿನ ಕಳೆದ ಮೇಲೂ ಕೆಲ ಗಂಟೆಗಳವರೆಗೆ ಡಿಲೀಟ್ ಫಾರ್ ಎವ್ರಿವನ್ ಒತ್ತಬಹುದು. ಅಂದರೆ ಅಂಗಡಿಯ ಚಾಟ್‌ನಿಂದ ತೆಗೆಯುವುದು ನಿಮ್ಮ ಕೈಲೇ ಇದೆ. ಮೇಲ್‌ಗೆ ಹೋಲಿಸಿದರೆ ಇದು ದೊಡ್ಡ ಲಾಭ. ಆದರೆ ಪ್ರಿಂಟ್ ಕೊಡಲು ಅವರು ಫೈಲನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡಿರುತ್ತಾರೆ. ಆ ಪ್ರತಿಯನ್ನು ನಿಮ್ಮ ಡಿಲೀಟ್ ಮುಟ್ಟುವುದಿಲ್ಲ. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟರೆ ನಡುವೆ ಯಾರೂ ತೆರೆಯಲಾಗದ ಬೀಗ) ಇದೆ ಅಂತ ಸಮಾಧಾನ ಪಡುವವರಿಗೆ ಒಂದು ಮಾತು: ಆ ಎರಡು ತುದಿಗಳಲ್ಲಿ ಒಂದು ತುದಿ ಅಂಗಡಿಯ ಕಂಪ್ಯೂಟರ್.

ಇನ್ನೊಂದು ವಿಷಯ ಗಂಡಸರಿಗೆ ಹೊಳೆಯುವುದೇ ಕಡಿಮೆ. ನನಗೂ ತಂಗಿ ಹೇಳಿದ ಮೇಲೇ ಹೊಳೆದದ್ದು. ವಾಟ್ಸಾಪ್ ಮಾಡಿದರೆ ನಿಮ್ಮ ನಂಬರ್ ಅಂಗಡಿಗೆ ಹೋಗುತ್ತದೆ. ಪ್ರೊಫೈಲ್ ಫೋಟೋ ಎಲ್ಲರಿಗೂ ಕಾಣುವಂತಿದ್ದರೆ ಅದೂ ಹೋಗುತ್ತದೆ. ಪರಿಚಯವಿಲ್ಲದ ಅಂಗಡಿಗೆ ಹುಡುಗಿಯರು ಮೇಲ್ ಮಾಡುವುದೇ ಮೇಲು ಅನ್ನುವುದು ಅವಳ ಅಭಿಪ್ರಾಯ. ಅದಕ್ಕೆಂದೇ ಬೇರೆ ಮೇಲ್ ಐಡಿ ಇಟ್ಟುಕೊಂಡಿದ್ದಾಳೆ. ಹೀಗೆ ಫೈಲ್‌ಗೆ ವಾಟ್ಸಾಪ್ ಸ್ವಲ್ಪ ಮೇಲು, ನಂಬರ್‌ಗೆ ಮೇಲ್ ಮೇಲು. ಯಾವುದು ಮುಖ್ಯ ಅಂತ ನೀವೇ ನೋಡಿಕೊಳ್ಳಬೇಕು.

ಪೆನ್ ಡ್ರೈವ್‌ನ ಕಥೆ ಬೇರೆ. ಅಲ್ಲಿ ಪ್ರತಿ ಕಡಿಮೆ ಉಳಿಯುತ್ತದೆ, ವೈರಸ್ ಜಾಸ್ತಿ ಬರುತ್ತದೆ. ಊರಿನವರೆಲ್ಲರ ಪೆನ್ ಡ್ರೈವ್ ಕಚ್ಚಿಸಿಕೊಂಡ ಕಂಪ್ಯೂಟರ್ ಅದು. ಹೋಗಲೇಬೇಕಾದರೆ ಬೇಕಾದ ಒಂದೇ ಫೈಲ್ ಇರುವ ಖಾಲಿ ಪೆನ್ ಡ್ರೈವ್ ಒಯ್ಯಿರಿ, ಬಂದ ಮೇಲೆ ಫಾರ್ಮ್ಯಾಟ್ ಮಾಡಿ.

ಇವೆಲ್ಲಕ್ಕಿಂತ ಕೆಟ್ಟ ದಾರಿ ಒಂದಿದೆ: ಅಂಗಡಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಸ್ವಂತ ಜಿಮೇಲ್‌ಗೆ ಲಾಗಿನ್ ಆಗುವುದು. ಒಂದು ಫೈಲ್ ಕೊಡಲು ಹೋಗಿ ಮನೆ ಬೀಗದ ಕೈಯನ್ನೇ ಕೊಟ್ಟ ಹಾಗೆ. ಈಗಾಗಲೇ ಮಾಡಿದ್ದರೆ ಗೂಗಲ್ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಾಧನಗಳ ಪಟ್ಟಿ ನೋಡಿ, ಪರಿಚಯವಿಲ್ಲದ ಕಂಪ್ಯೂಟರನ್ನು ಅಲ್ಲಿಂದಲೇ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ.

ಅಂಗಡಿಯೇ ಗತಿ ಅನ್ನುವವರಿಗೆ ನನ್ನ ಸಲಹೆ ಇಷ್ಟು. ಅಟ್ಯಾಚ್‌ಮೆಂಟ್ ಬದಲು ಗೂಗಲ್ ಡ್ರೈವ್ ಲಿಂಕ್ ಕಳಿಸಿ. ಪ್ರಿಂಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಲಿಂಕ್‌ನ ಶೇರಿಂಗ್ ತೆಗೆಯಿರಿ. ಆಗ ಮೇಲ್‌ನಲ್ಲಿ ಸತ್ತ ಲಿಂಕ್ ಮಾತ್ರ ಉಳಿಯುತ್ತದೆ. ಆಮೇಲೆ "ಅಣ್ಣಾ, ಡೌನ್‌ಲೋಡ್ಸ್‌ನಲ್ಲಿ ಇರೋದನ್ನ ಶಿಫ್ಟ್ ಹಿಡಿದು ಡಿಲೀಟ್ ಮಾಡಿಬಿಡಿ" ಅಂತ ಕೇಳಿ. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ಗೆ ಹೋಗುತ್ತದೆ. ಕೇಳಲು ಸಂಕೋಚ ಬೇಡ. ನಾನು ಕೇಳಲು ಶುರು ಮಾಡಿದ ಮೇಲೆ ಇಲ್ಲ ಅಂದವರು ಯಾರೂ ಇಲ್ಲ.

ಆಧಾರ್‌ಗೆ ಇನ್ನೂ ಸುಲಭದ ದಾರಿ ಇದೆ. ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಮೊದಲ 8 ಮುಚ್ಚಿರುತ್ತದೆ. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಬೆಂಗಳೂರು ಕಚೇರಿ 2022ರ ಮೇ 27ರಂದು ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಜೆರಾಕ್ಸನ್ನು ಕಂಡಕಂಡಲ್ಲಿ ಕೊಡಬೇಡಿ, ಮಾಸ್ಕ್ಡ್ ಪ್ರತಿ ಬಳಸಿ, ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಇ-ಆಧಾರ್ ಇಳಿಸಿದ್ದರೆ ಎಲ್ಲ ಪ್ರತಿಗಳನ್ನು ಪೂರ್ತಿ ಅಳಿಸಿ ಅಂತ ಅದರಲ್ಲಿತ್ತು. ಜನ ಗಾಬರಿಯಾದರು. ತಪ್ಪು ಅರ್ಥ ಬರುತ್ತದೆ ಅಂತ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಪ್ರಕಟಣೆ ಹೋಯಿತು, ಆದರೆ ಅದರಲ್ಲಿದ್ದ ಬುದ್ಧಿಮಾತು ಕೆಟ್ಟದ್ದೇನಾಗಿರಲಿಲ್ಲ.

ಪ್ರಿಂಟರ್‌ಗೇ ಒಂದು ಮೇಲ್ ಐಡಿ

ಇನ್ನೊಂದು ಬಗೆಯ ಮೇಲ್ ಪ್ರಿಂಟ್ ಇದೆ. ಅದರಲ್ಲಿ ನಿಮ್ಮ ಮನೆಯ ಪ್ರಿಂಟರ್‌ಗೇ ಒಂದು ಮೇಲ್ ವಿಳಾಸ ಇರುತ್ತದೆ. ಎಚ್‌ಪಿ 2010ರಲ್ಲಿ ಇಪ್ರಿಂಟ್ ಅಂತ ತಂದಿತು. ಎಪ್ಸನ್‌ನಲ್ಲಿ ಎಪ್ಸನ್ ಕನೆಕ್ಟ್‌ನ ಒಳಗೆ ಇಮೇಲ್ ಪ್ರಿಂಟ್ ಅಂತ ಇದೆ. ಪ್ರಪಂಚದ ಯಾವ ಮೂಲೆಯಿಂದಲಾದರೂ ಆ ವಿಳಾಸಕ್ಕೆ ಅಟ್ಯಾಚ್‌ಮೆಂಟ್ ಕಳಿಸಿದರೆ ಮನೆಯಲ್ಲಿ ಕಾಗದ ಬೀಳುತ್ತದೆ.

ನಮ್ಮ ಮನೆಗೆ ಇದು ಬಂದದ್ದು ಅಣ್ಣನಿಂದ. ಅವನು ನ್ಯೂಜೆರ್ಸಿಯಲ್ಲಿದ್ದಾನೆ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ) ಕರಡು, ಇನ್ಶೂರೆನ್ಸ್ ಫಾರ್ಮ್, ಮೊಮ್ಮಗಳು ಬಿಡಿಸಿದ ಚಿತ್ರ ಎಲ್ಲ ಅಲ್ಲಿಂದಲೇ ಕಳಿಸುತ್ತಾನೆ. ಅಪ್ಪನಿಗೆ ಪಿಡಿಎಫ್ ತೆರೆಯುವ ತಲೆನೋವಿಲ್ಲ. ಟ್ರೇನಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಸಹಿ ಹಾಕುತ್ತಾರೆ. "ಅಪ್ಪಾ, ಪ್ರಿಂಟ್ ಬಂತಾ?" "ಕರೆಂಟೇ ಇಲ್ಲ ಕಣೋ." ರಾತ್ರಿ ಹತ್ತಕ್ಕೆ ಕರೆಂಟ್ ಬಂದಾಗ ಪ್ರಿಂಟರ್ ತಾನೇ ಎದ್ದು ಗರಗರ ಅಂದರೆ ಅಮ್ಮ ಬೆಚ್ಚಿ ಬೀಳುತ್ತಾರೆ. ಇಷ್ಟು ದೂರದ ಕೆಲಸಕ್ಕೆ ಇದಕ್ಕಿಂತ ಅನುಕೂಲದ ದಾರಿ ನಾನು ಕಂಡಿಲ್ಲ.

ಈಗ ಎಲೆ ಎತ್ತುವ ಲೆಕ್ಕಕ್ಕೆ ಬರೋಣ. ಮೇಲ್ ನೇರವಾಗಿ ಪ್ರಿಂಟರ್‌ಗೆ ಹೋಗುವುದಿಲ್ಲ. ಮೊದಲು ಪ್ರಿಂಟರ್ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಅಟ್ಯಾಚ್‌ಮೆಂಟ್ ತೆರೆದು, ನಿಮ್ಮ ಪ್ರಿಂಟರ್‌ಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿ, ಆಮೇಲೆ ಮನೆಗೆ ಕಳಿಸುತ್ತಾರೆ. ಫೈಲನ್ನು ತೆರೆಯದೆ ತಿರುಗಿಸಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಅನ್ನುವ ಮಾತೇ ಬರುವುದಿಲ್ಲ. ದಾರಿಯ ಎರಡೂ ಭಾಗಕ್ಕೆ ಬೀಗ ಇರಬಹುದು, ನಡುವಿನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದೇ ತೆರೆಯುತ್ತದೆ. ಮನುಷ್ಯ ಕೂತು ಓದುತ್ತಾನೆ ಅಂತಲ್ಲ, ಯಂತ್ರ ತೆರೆಯುತ್ತದೆ. ಆದರೂ ಪ್ರತಿ ಒಂದು ಅಲ್ಲಿ ಹುಟ್ಟಿತು. ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದು ಕಂಪನಿಯ ನಿಯಮಕ್ಕೆ ಬಿಟ್ಟದ್ದು. ಅಕೌಂಟ್‌ನಲ್ಲಿ ಪ್ರಿಂಟ್ ಹಿಸ್ಟರಿ ಇದ್ದರೆ ಯಾವ ಫೈಲ್, ಯಾವಾಗ ಅನ್ನುವ ಸಾಲೂ ಉಳಿಯುತ್ತದೆ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಪಾಸ್‌ವರ್ಡ್ ಹಾಕಿದ ಪಿಡಿಎಫ್ ಈ ಸೇವೆಗಳಲ್ಲಿ ಪ್ರಿಂಟ್ ಆಗುವುದಿಲ್ಲ. ಸರ್ವರ್‌ಗೆ ಪಾಸ್‌ವರ್ಡ್ ಗೊತ್ತಿಲ್ಲವಲ್ಲ! ಹಾಗಾಗಿ ಏನು ಮಾಡುತ್ತಾರೆ? ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಇ-ಆಧಾರ್‌ನ ಪಾಸ್‌ವರ್ಡ್ ತೆಗೆದು, ಬೆತ್ತಲೆ ಫೈಲ್ ಕಳಿಸುತ್ತಾರೆ. ಇನ್ನು ಕೆಲವರು ಪಾಸ್‌ವರ್ಡ್ ತೆಗೆಯಲು ಗೂಗಲ್‌ನಲ್ಲಿ ಹುಡುಕಿ, ಸಿಕ್ಕ ಯಾವುದೋ ಪಿಡಿಎಫ್ ಅನ್‌ಲಾಕ್ ವೆಬ್‌ಸೈಟ್‌ಗೆ ಅಪ್‌ಲೋಡ್ ಮಾಡುತ್ತಾರೆ. ಪ್ರತಿಗಳ ಲೆಕ್ಕಕ್ಕೆ ಹೆಸರು ದಿಕ್ಕಿಲ್ಲದ ಇನ್ನೊಂದು ಸರ್ವರ್ ಸೇರಿತು. ಹಾಗೆ ನೋಡಿದರೆ ಇ-ಆಧಾರ್‌ನ ಪಾಸ್‌ವರ್ಡ್ ದೊಡ್ಡ ಬೀಗವೇನಲ್ಲ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ, ಅಷ್ಟೇ. ನಿಮ್ಮನ್ನು ಬಲ್ಲ ಯಾರಾದರೂ ಊಹಿಸಬಹುದು. ಆದರೂ ಬಾಗಿಲು ಹಾರುಹೊಡೆದು ಇಡುವುದಕ್ಕೂ ಚಿಲಕ ಹಾಕುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ಅಪಾಯ ಉಲ್ಟಾ ದಿಕ್ಕಿನದು. ವಿಳಾಸ ಗೊತ್ತಿರುವ ಯಾರು ಬೇಕಾದರೂ ನಿಮ್ಮ ಪ್ರಿಂಟರ್‌ಗೆ ಏನು ಬೇಕಾದರೂ ಕಳಿಸಬಹುದು. ಅದಕ್ಕೇ ಈ ಸೇವೆಗಳಲ್ಲಿ ಯಾರ ಮೇಲ್‌ಗೆ ಮಾತ್ರ ಅವಕಾಶ ಅನ್ನುವ ಪಟ್ಟಿ ಇರುತ್ತದೆ. ಅದು ಆನ್ ಇದೆಯಾ ಅಂತ ಮೊದಲು ನೋಡಿ. ಎಲ್ಲರಿಗೂ ಅವಕಾಶ ಅಂತಿದ್ದರೆ ಕೂಡಲೇ ಬದಲಿಸಿ, ನಿಮ್ಮ ಮನೆಯವರ ಎರಡು ಮೂರು ಐಡಿ ಮಾತ್ರ ಹಾಕಿ. ಈ ಪಟ್ಟಿ ಕಬ್ಬಿಣದ ಗೇಟ್ ಅಲ್ಲ. ಕಳಿಸಿದವರ ವಿಳಾಸವನ್ನು ನಕಲಿ ಮಾಡಲು ಬರುವವರು ಇದ್ದಾರೆ. ಆದರೆ ಅದರಿಂದ ಆಗುವುದು ಕಾಗದ ಇಂಕ್ ದಂಡ, ನಿಮ್ಮ ಫೈಲ್ ಸೋರುವುದಿಲ್ಲ. ಪ್ರಿಂಟರ್‌ಗೆ ಕೊಟ್ಟಿರುವ ವಿಳಾಸ ಉದ್ದದ, ಅರ್ಥವಿಲ್ಲದ ಅಕ್ಷರಗಳ ಸರಮಾಲೆ ಆಗಿದ್ದರೆ ಹಾಗೇ ಬಿಡಿ. ನೆನಪಿಗೆ ಸುಲಭ ಅಂತ ಮನೆ ಹೆಸರು ಇಟ್ಟರೆ ಊಹಿಸುವವರಿಗೂ ಸುಲಭ.

ಸೆಟ್ಟಿಂಗ್ಸ್‌ನಲ್ಲಿ ಮೇಲ್‌ನ ಒಕ್ಕಣೆಯನ್ನೂ ಪ್ರಿಂಟ್ ಮಾಡಬೇಕಾ ಅನ್ನುವ ಆಯ್ಕೆ ಇದ್ದರೆ ಬೇಡ ಅನ್ನಿ. ಇಲ್ಲದಿದ್ದರೆ ನಿಮ್ಮ ಸಹಿಯ ಕೆಳಗಿನ ಫೋನ್ ನಂಬರ್, ಆಫೀಸ್ ವಿಳಾಸ ಎಲ್ಲ ಒಂದು ಹಾಳೆಯಾಗಿ ಬಂದು, ಆ ಹಾಳೆ ಕಡಲೆಕಾಯಿ ಪೊಟ್ಟಣವಾಗಿ ಹೊರಗೆ ಹೋಗುತ್ತದೆ.

ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಕಂಪನಿಯ ಸರ್ವರ್, ಇನ್ನೊಬ್ಬರ ಜಮೀನು ಅನ್ನುವುದನ್ನೂ ಮರೆಯಬೇಡಿ. ಗೂಗಲ್ ಕ್ಲೌಡ್ ಪ್ರಿಂಟ್ ಅಂತ ಒಂದಿತ್ತು, ತುಂಬಾ ಜನ ನಂಬಿಕೊಂಡಿದ್ದರು. 2020ರ ಡಿಸೆಂಬರ್ 31ಕ್ಕೆ ಗೂಗಲ್ ಅದನ್ನು ಮುಚ್ಚಿತು. ಪ್ರಿಂಟರ್ ಕೊಳ್ಳುವಾಗ ಬರೀ ಮೇಲ್ ಪ್ರಿಂಟ್ ಸೌಲಭ್ಯ ನೋಡಿ ಕೊಳ್ಳಬೇಡಿ. ಎಚ್‌ಪಿಯಲ್ಲಿ ಮಾಡೆಲ್ ನಂಬರ್‌ನ ಕೊನೆಗೆ ಇಂಗ್ಲಿಷ್‌ನ ಇ ಅಕ್ಷರ ಇರುವ ಪ್ರಿಂಟರ್‌ಗಳಿವೆ. ಅವನ್ನು ಎಚ್‌ಪಿ ಪ್ಲಸ್ ಅನ್ನುವ ಕಂಪನಿಯ ಯೋಜನೆಗೆ ಸೇರಿಸಿದರೆ ಅಕೌಂಟ್ ಬೇಕು, ಸದಾ ಇಂಟರ್ನೆಟ್ ಬೇಕು, ಆ ಕಂಪನಿಯದೇ ಇಂಕ್ ಬೇಕು. ಮೊದಲ ದಿನದ ಸೆಟಪ್‌ನಲ್ಲೇ ಸೇರುತ್ತೀರಾ ಅಂತ ಕೇಳುತ್ತದೆ. ಸುಮ್ನೆ ಓಕೆ ಒತ್ತುತ್ತಾ ಹೋಗದೆ ಓದಿ ಒತ್ತಿ.

ಮನೆಯ ವೈ-ಫೈಯಲ್ಲೇ

ಐಫೋನ್‌ನಲ್ಲಿ 2010ರಿಂದ ಏರ್‌ಪ್ರಿಂಟ್ ಇದೆ. ಆಂಡ್ರಾಯ್ಡ್ 8ರಿಂದ ಫೋನ್‌ನಲ್ಲೇ ಪ್ರಿಂಟ್ ಸರ್ವೀಸ್ ಬರುತ್ತದೆ, ಮೋಪ್ರಿಯಾ ಅನ್ನುವ ಪ್ರಿಂಟರ್ ಕಂಪನಿಗಳ ಒಕ್ಕೂಟದ ತಂತ್ರಜ್ಞಾನದ್ದು. ಪ್ರಿಂಟರ್ ಕಂಪನಿಯ ಆ್ಯಪ್ ಹಾಕಿಕೊಳ್ಳದೆಯೂ ಪ್ರಿಂಟ್ ಕೊಡಬಹುದು. ಫೋನ್, ಪ್ರಿಂಟರ್ ಎರಡೂ ಒಂದೇ ವೈ-ಫೈಯಲ್ಲಿದ್ದರೆ ಸಾಕು. ಫೈಲ್ ಮನೆಯ ಹೊಸ್ತಿಲು ದಾಟುವುದಿಲ್ಲ.

ಪಾಸ್‌ವರ್ಡ್ ಪ್ರಶ್ನೆಯೂ ಇಲ್ಲಿ ಬಗೆಹರಿಯುತ್ತದೆ. ಫೋನ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಪಿಡಿಎಫ್ ತೆರೆಯುತ್ತೀರಿ, ಫೋನೇ ಪುಟಗಳನ್ನು ತಯಾರು ಮಾಡಿ ಪ್ರಿಂಟರ್‌ಗೆ ಕೊಡುತ್ತದೆ. ಬೀಗ ಹಾಕಿದ ಫೈಲ್ ಬೀಗ ಹಾಕಿದ ಹಾಗೇ ಇರುತ್ತದೆ. ಮನೆ ಬಳಕೆಯ ಸಣ್ಣ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಪ್ರಿಂಟ್ ಮುಗಿದ ಮೇಲೆ ಉಳಿಯುವ ಪ್ರತಿ ಅಂದರೆ ನಿಮ್ಮ ಫೋನ್‌ನಲ್ಲಿರುವುದು ಮಾತ್ರ.

ನನ್ನನ್ನು ಕೇಳಿದರೆ ಸ್ವಂತ ಮನೆ, ಸ್ವಂತ ವೈ-ಫೈ ಇದ್ದವರಿಗೆ ಇದೇ ಸರಿ. ಆದರೆ ಒಂದು ಪರೀಕ್ಷೆ ಮಾಡಿ. ಫೋನ್‌ನ ವೈ-ಫೈ ಆಫ್ ಮಾಡಿ, ಬರೀ ಮೊಬೈಲ್ ಡೇಟಾದಲ್ಲಿ ಪ್ರಿಂಟ್ ಕೊಡಿ. ಆಗಲೂ ಪ್ರಿಂಟ್ ಬಂದರೆ ನಿಮ್ಮ ಆ್ಯಪ್ ಫೈಲನ್ನು ಕ್ಲೌಡ್ ಮೂಲಕ ಕಳಿಸಬಲ್ಲದು ಅಂತ ಅರ್ಥ. ಮೇಲ್ ಪ್ರಿಂಟ್‌ಗೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಬೆಂಗಳೂರಿನ ಪಿಜಿಗಳಲ್ಲಿ ಇರುವವರಿಗೆ ಈ ಸಲಹೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಇಡೀ ಕಟ್ಟಡಕ್ಕೆ ಒಂದೇ ವೈ-ಫೈ, ಒಂದೇ ಪಾಸ್‌ವರ್ಡ್, ಅದೂ ಅಡುಗೆಮನೆ ಬಾಗಿಲಿಗೆ ಅಂಟಿಸಿರುತ್ತಾರೆ. ನಿಮ್ಮ ರೂಮಿನ ಪ್ರಿಂಟರ್ ಎಲ್ಲರ ಫೋನ್‌ನಲ್ಲೂ ಕಾಣುತ್ತದೆ. ಅದರ ಸೆಟ್ಟಿಂಗ್ಸ್ ಪುಟವೂ ಬ್ರೌಸರ್‌ನಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಆ ಪುಟಕ್ಕೆ ಅಡ್ಮಿನ್ ಪಾಸ್‌ವರ್ಡ್ ಹಾಕಿ. ಮನೆಯಲ್ಲಿದ್ದರೂ ಹಾಕಿ.

ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನವರು ಒಳಬರಲು ಒಂದು ಬಾಗಿಲು ತೆರೆಯುವುದು) ಮಾಡಿ ಪ್ರಿಂಟರನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುವವರು ಇದ್ದಾರೆ. ಮೇಲ್ ಪ್ರಿಂಟ್ ಬೇಡ, ನಾವೇ ಜಾಣರು ಅಂತ. 2018ರ ನವೆಂಬರ್ ಕೊನೆಗೆ ಹೀಗೆ ತೆರೆದಿಟ್ಟ ಪ್ರಿಂಟರ್‌ಗಳಿಂದ ಒಂದು ವಿಚಿತ್ರ ಹಾಳೆ ಬಂತು. ಆಗ ಪ್ಯೂಡಿಪೈ ಅನ್ನುವ ಯೂಟ್ಯೂಬರ್‌ಗೂ ನಮ್ಮ ಟಿ-ಸೀರೀಸ್‌ಗೂ ಸಬ್‌ಸ್ಕ್ರೈಬರ್ ಪೈಪೋಟಿ ನಡೆಯುತ್ತಿತ್ತು. ಪ್ಯೂಡಿಪೈ ಚಾನೆಲ್‌ಗೆ ಸೇರಿ ಅನ್ನುವ ಕರಪತ್ರವನ್ನು ಸುಮಾರು 50,000 ಪ್ರಿಂಟರ್‌ಗಳಿಗೆ ಕಳಿಸಿದ್ದಾಗಿ ಕಳಿಸಿದವನೇ ಹೇಳಿಕೊಂಡ. ಹೊಕ್ಕದ್ದು 9100 ಅನ್ನುವ ಪೋರ್ಟ್‌ನಿಂದ. ತಮಾಷೆಯಾಗಿ ಮುಗಿಯಿತು, ಸರಿ. ಆದರೂ ಪ್ರಿಂಟರ್‌ಗೆ ಹೊರಗಿನಿಂದ ಪೋರ್ಟ್ ತೆರೆಯಲೇಬೇಡಿ. ಇಂಥ ಜಾಣತನಕ್ಕಿಂತ ಕಂಪನಿಯ ಮೇಲ್ ಪ್ರಿಂಟ್ ನೂರು ಪಾಲು ವಾಸಿ.

ವೈ-ಫೈ ಡೈರೆಕ್ಟ್, ಕೇಬಲ್

ವೈ-ಫೈ ಡೈರೆಕ್ಟ್‌ನಲ್ಲಿ ರೂಟರ್ ಬೇಡ, ಪ್ರಿಂಟರೇ ಒಂದು ಸಣ್ಣ ವೈ-ಫೈ ಹರಡುತ್ತದೆ. ಪಿಜಿಯವರಿಗೆ ಒಳ್ಳೆಯದು. ಆದರೆ ಅದರ ಪಾಸ್‌ವರ್ಡ್ ಬದಲಿಸಿ. ಕೆಲವು ಪ್ರಿಂಟರ್‌ಗಳಲ್ಲಿ 12345678 ಅಂತಲೇ ಬಂದಿರುತ್ತದೆ. ಬಳಸದಿದ್ದರೆ ಆಫ್ ಮಾಡಿಡಿ.

ಯುಎಸ್‌ಬಿ ಕೇಬಲ್ ಬಗ್ಗೆ ಹೇಳಲು ಏನೂ ಇಲ್ಲ, ಅದೇ ಅದರ ಗುಣ. ಫೋನ್‌ಗೂ ಒಟಿಜಿ ಕೊಂಡಿ ಹಾಕಿ ಜೋಡಿಸಬಹುದು. ಪ್ರಿಂಟರ್‌ನ ವೈ-ಫೈ ಪೂರ್ತಿ ಆಫ್ ಮಾಡಿ ಕೇಬಲ್‌ನಲ್ಲಿ ತೆಗೆದ ಪ್ರಿಂಟ್ ಬಗ್ಗೆ ನಾನು ರಾತ್ರಿ ನಿದ್ದೆ ಕೆಡಿಸಿಕೊಂಡಿಲ್ಲ.

ಆಫೀಸ್ ಪ್ರಿಂಟರ್

ಪುಕ್ಕಟೆ ಅಂತ ಸ್ವಂತ ಕಾಗದಗಳನ್ನೆಲ್ಲ ಆಫೀಸಿನಲ್ಲಿ ತೆಗೆಯುವುದು ನಮ್ಮ ರಾಷ್ಟ್ರೀಯ ಅಭ್ಯಾಸ. ದೊಡ್ಡ ಆಫೀಸುಗಳಲ್ಲಿ ಯಾರು, ಯಾವ ಫೈಲ್, ಎಷ್ಟು ಪುಟ ಅನ್ನುವುದು ಪ್ರಿಂಟ್ ಸರ್ವರ್‌ನಲ್ಲಿ ದಾಖಲಾಗುತ್ತದೆ. ನೀವು ಬೇರೆ ಕಂಪನಿಗೆ ಕೊಡಲು ತೆಗೆದ ರೆಸ್ಯೂಮೆಯ ಹೆಸರೂ ಆ ಪಟ್ಟಿಯಲ್ಲಿ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಪ್ರಿಂಟ್ ಕೊಟ್ಟು ಕಾಫಿಗೆ ಹೋದರೆ ಟ್ರೇನಲ್ಲಿ ನಿಮ್ಮ ಪೇ ಸ್ಲಿಪ್ ಎಲ್ಲರನ್ನೂ ನೋಡಿ ನಗುತ್ತಿರುತ್ತದೆ. ಪಿನ್ ಒತ್ತಿದರೆ ಅಥವಾ ಐಡಿ ಕಾರ್ಡ್ ತೋರಿಸಿದರೆ ಮಾತ್ರ ಕಾಗದ ಬರುವ ಸೆಕ್ಯೂರ್ ಪ್ರಿಂಟ್ ಇದ್ದರೆ ಅದನ್ನೇ ಬಳಸಿ.

ಆಫೀಸಿನ ಮತ್ತು ಜೆರಾಕ್ಸ್ ಅಂಗಡಿಯ ದೊಡ್ಡ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಮೆರಿಕದ ಸಿಬಿಎಸ್ ವಾಹಿನಿ 2010ರಲ್ಲಿ ಕೆಲವು ಸೆಕೆಂಡ್ ಹ್ಯಾಂಡ್ ಕಾಪಿಯರ್‌ಗಳನ್ನು ಕೊಂಡು ಡಿಸ್ಕ್ ತೆರೆಸಿತು. ಅವುಗಳಲ್ಲಿ ಒಂದರಲ್ಲಿ ಅಫಿನಿಟಿ ಹೆಲ್ತ್ ಪ್ಲಾನ್ ಅನ್ನುವ ವಿಮಾ ಸಂಸ್ಥೆಯ ರೋಗಿಗಳ ದಾಖಲೆಗಳು ಹಾಗೇ ಇದ್ದವು. ಬಾಡಿಗೆ ಮುಗಿದ ಯಂತ್ರವನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿದ್ದರು. 2013ರಲ್ಲಿ ಆ ಸಂಸ್ಥೆ 12 ಲಕ್ಷ ಡಾಲರ್‌ಗೂ ಹೆಚ್ಚು ತೆರಬೇಕಾಯಿತು.

ಯಾವ ಕಾಗದಕ್ಕೆ ಯಾವ ದಾರಿ

ಎಲ್ಲವನ್ನೂ ಗುಟ್ಟು ಮಾಡಿ ಕೂತರೆ ಬದುಕು ನಡೆಯುವುದಿಲ್ಲ. ಪಹಣಿಯನ್ನು ಸರ್ವೆ ನಂಬರ್ ಗೊತ್ತಿರುವ ಯಾರು ಬೇಕಾದರೂ ಭೂಮಿ ವೆಬ್‌ಸೈಟ್‌ನಲ್ಲಿ ನೋಡಬಹುದು. ಅದನ್ನು ಅಂಗಡಿಗೆ ಧಾರಾಳವಾಗಿ ಮೇಲ್ ಮಾಡಿ. ಬಸ್ ಟಿಕೆಟ್, ಮಕ್ಕಳ ಪ್ರಾಜೆಕ್ಟ್, ಪೂಜೆಯ ಆಮಂತ್ರಣ ಎಲ್ಲ ಹಾಗೇ. ಯಾವ ದಾರಿಯಾದರೂ ಸರಿ.

ನಡುವಿನ ಮಟ್ಟದವು ಇವೆ: ಮಾರ್ಕ್ಸ್ ಕಾರ್ಡ್, ರೆಸ್ಯೂಮೆ, ಮಾಸ್ಕ್ಡ್ ಆಧಾರ್, ಸಹಿ ಇಲ್ಲದ ಕರಡು ಪತ್ರ. ಇವಕ್ಕೆ ಪ್ರಿಂಟರ್‌ನ ಮೇಲ್ ಐಡಿ ಸಾಕು, ಅವಕಾಶದ ಪಟ್ಟಿ ಸರಿಯಾಗಿದ್ದರೆ. ಅಂಗಡಿಯಾದರೆ ಡ್ರೈವ್ ಲಿಂಕ್.

ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆ ರಿಪೋರ್ಟ್, ಪಾಸ್‌ಪೋರ್ಟ್, ಪೂರ್ತಿ ನಂಬರ್ ಇರುವ ಆಧಾರ್ ಇವುಗಳನ್ನು ಮನೆಯ ವೈ-ಫೈ ಅಥವಾ ಕೇಬಲ್‌ನಲ್ಲೇ ತೆಗೆಯಿರಿ. ಮನೆಯಲ್ಲಿ ಪ್ರಿಂಟರ್ ಇಲ್ಲದಿದ್ದರೆ ಇರುವ ನೆಂಟರ ಮನೆಗೆ ಹೋಗಿ, ಕಾಫಿಯೂ ಸಿಗುತ್ತದೆ.

ಕ್ರಯಪತ್ರದ ವಿಷಯದಲ್ಲಂತೂ ನಾನು ಹಠಮಾರಿ. ಅದರಲ್ಲಿ ಫೋಟೋ, ಸಹಿ, ಹೆಬ್ಬೆಟ್ಟಿನ ಗುರುತು ಎಲ್ಲ ಇರುತ್ತದೆ. ನೋಂದಣಿಯಾದ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ವಿವರ ಬಳಸಿ ಎಇಪಿಎಸ್ (ಆಧಾರ್ ನಂಬರ್, ಬೆರಳಚ್ಚು ಕೊಟ್ಟು ಬ್ಯಾಂಕ್ ದುಡ್ಡು ತೆಗೆಯುವ ವ್ಯವಸ್ಥೆ) ಮೂಲಕ ಜನರ ಖಾತೆಯಿಂದ ದುಡ್ಡು ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲೇ ಬಯಲಾದವು. ಬರೀ ಕಾಗದದ ಚಿತ್ರದಿಂದ ಬೆರಳು ಮಾಡಿಕೊಂಡರು! ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಟ್ಟರೆ ಇದು ನಿಲ್ಲುತ್ತದೆ, ಎಂಆಧಾರ್ ಆ್ಯಪ್‌ನಲ್ಲೇ ಮಾಡಬಹುದು. ಆದರೂ ಕ್ರಯಪತ್ರದ ಸ್ಕ್ಯಾನ್ ಯಾವ ಅಂಗಡಿಯ ಇನ್‌ಬಾಕ್ಸ್‌ನಲ್ಲೂ ಕೂರಬಾರದು ಅನ್ನುವುದು ನನ್ನ ಲೆಕ್ಕ. ಅಣ್ಣನಿಗೂ ಹೇಳಿದ್ದೇನೆ: ಜಿಪಿಎ ಕರಡು ಮೇಲ್‌ನಲ್ಲಿ ಬರಲಿ, ಹೆಬ್ಬೆಟ್ಟು ಬಿದ್ದ ಮೇಲೆ ಅದು ಮೇಲ್‌ನಲ್ಲಿ ಹೋಗುವುದು ಬೇಡ, ಕೊರಿಯರ್‌ನಲ್ಲಿ ಹೋಗಲಿ.

ಹಳೆ ಪ್ರಿಂಟರ್ ಕೊಡುವ ಮುಂಚೆ

ಇದನ್ನು ಕಲಿತದ್ದು ತಪ್ಪು ಮಾಡಿಯೇ. ಅಪ್ಪ ಹೊಸ ಪ್ರಿಂಟರ್ ತಂದಾಗ ಹಳೆಯದನ್ನು ಇಂಜಿನಿಯರಿಂಗ್ ಓದುವ ಸೋದರಳಿಯನಿಗೆ ಕೊಟ್ಟೆವು. ಅವನು ಹಾಸ್ಟೆಲ್ ರೂಮಿನ ವೈ-ಫೈಗೆ ಜೋಡಿಸಿಕೊಂಡ. ಅಣ್ಣನ ಮೇಲ್‌ನಲ್ಲಿ ಹಳೆ ಪ್ರಿಂಟರ್‌ನ ವಿಳಾಸವೇ ಉಳಿದಿತ್ತು. ಒಂದು ದಿನ ಟೈಪ್ ಮಾಡುವಾಗ ಅದೇ ಮೊದಲು ಬಂತು, ಕಳಿಸಿಬಿಟ್ಟ. ಅಮ್ಮನ ಶುಗರ್ ರಿಪೋರ್ಟ್ ಮತ್ತು ಅಣ್ಣ ಡಾಕ್ಟರ್‌ಗೆ ಕೇಳಬೇಕೆಂದು ಬರೆದಿದ್ದ ಪ್ರಶ್ನೆಗಳು, ನಾಲ್ಕು ಪುಟ, ಹಾಸ್ಟೆಲ್ ರೂಮಿನಲ್ಲಿ ಬಿದ್ದವು. ಸೋದರಳಿಯ ಊರಿಗೆ ಹೋಗಿದ್ದ. ಅವನ ರೂಮ್‌ಮೇಟ್ ಫೋನ್ ಮಾಡಿ, "ಅಂಕಲ್, ನಿಮ್ಮ ಮನೆಯವರ ಎಚ್‌ಬಿಎ1ಸಿ ಸ್ವಲ್ಪ ಜಾಸ್ತಿ ಇದೆ" ಅಂದ.

ಈಗ ಪ್ರಿಂಟರ್ ಕೈ ಬದಲಾಗುವ ಮುಂಚೆ ಮೂರು ಕೆಲಸ ಮಾಡುತ್ತೇವೆ. ಕಂಪನಿಯ ಅಕೌಂಟ್‌ಗೆ ಹೋಗಿ ಆ ಪ್ರಿಂಟರನ್ನು ತೆಗೆಯುವುದು, ಅದರೊಂದಿಗೆ ಮೇಲ್ ವಿಳಾಸವೂ ಸಾಯುತ್ತದೆ. ಪ್ರಿಂಟರ್‌ನ ಮೆನುವಿನಲ್ಲಿ ಫ್ಯಾಕ್ಟರಿ ರೀಸೆಟ್ ಕೊಡುವುದು, ವೈ-ಫೈ ಪಾಸ್‌ವರ್ಡ್ ಅಳಿಸಲು. ಮೂರನೆಯದು, ಕಳಿಸುವವರೆಲ್ಲರ ಕಾಂಟ್ಯಾಕ್ಟ್ಸ್‌ನಿಂದ ಹಳೆ ವಿಳಾಸ ತೆಗೆಸುವುದು. ಅಣ್ಣನ ಫೋನ್‌ನಿಂದ ಅದನ್ನು ತೆಗೆಸಲು ಮಾತ್ರ ಅವನು ರಜಕ್ಕೆ ಊರಿಗೆ ಬರುವವರೆಗೆ ಕಾಯಬೇಕಾಯಿತು.